ಹಳೆಯ ಹೊಲಿಗೆಯ ಜಾಗ

ದಾವಣಗೆರೆಯ ಹತ್ತಿ ಗಿರಣಿಗಳಲ್ಲಿ ದುಡಿದ ನನ್ನ ಸರೀಕರು ಬರಿಮೈಯಲ್ಲಿ ಸ್ನಾನಕ್ಕೆ ಕೂತಾಗ ನೋಡಬೇಕು. ಕೆಲವರಿಗಾದರೂ ಎದೆಗೂಡಿನ ಕೆಳಗಿನಿಂದ ಹೊಕ್ಕುಳದವರೆಗೆ ಒಂದು ನೇರ ಗೆರೆ, ಅದರ ಎರಡೂ ಬದಿಗೆ ಹೊಲಿಗೆಯ ಚುಕ್ಕೆಗಳು. ಅಲ್ಸರ್ ಆಪರೇಷನ್ನಿನ ಗುರುತು. ಎಪ್ಪತ್ತು-ಎಂಬತ್ತರ ದಶಕದಲ್ಲಿ ನಮ್ಮ ಕಡೆ ಹೊಟ್ಟೆಹುಣ್ಣಿಗೆ ಹೊಟ್ಟೆ ಕೊಯ್ಸಿಕೊಳ್ಳುವುದು ದೊಡ್ಡ ಸುದ್ದಿಯೇನೂ ಆಗಿರಲಿಲ್ಲ. ಹೆಣ್ಣು ನೋಡಲು ಬಂದವರಿಗೆ ಹೇಳಬೇಕೋ ಬೇಡವೋ ಎಂಬಷ್ಟೇ ಚರ್ಚೆ. ಆಮೇಲೆ ಮಾತ್ರೆಗಳು ಬಂದವು, ಆ ಆಪರೇಷನ್ ಹೆಚ್ಚುಕಡಿಮೆ ಮರೆಯಾಯಿತು. ಈಗಿನ ಎಷ್ಟೋ ಎಳೆಯ ಡಾಕ್ಟರುಗಳು ಅದನ್ನು ಪುಸ್ತಕದಲ್ಲಿ ಓದಿರುತ್ತಾರೆ, ಕೈಯಾರೆ ಮಾಡಿರುವುದಿಲ್ಲ. ಆದರೆ ಮಾಡಿಸಿಕೊಂಡವರು ನಾವು ಇನ್ನೂ ಓಡಾಡಿಕೊಂಡಿದ್ದೇವೆ.

ನನ್ನದು 1979ರದ್ದು. ಆಗ ನನಗೆ ಇಪ್ಪತ್ತೇಳು. ಗಿರಣಿಯಲ್ಲಿ ಟೈಮ್ ಕೀಪರ್, ಮೂರು ಪಾಳಿ. ರಾತ್ರಿ ಪಾಳಿಯಲ್ಲಿ ಊಟವೆಂದರೆ ಮಂಡಕ್ಕಿ, ಮೆಣಸಿನಕಾಯಿ, ಅದರ ಮೇಲೆ ಚಾ, ಚಾದ ಮೇಲೆ ಬೀಡಿ. ಎರಡು ವರ್ಷ ಹೊಟ್ಟೆ ಉರಿಯುತ್ತಿತ್ತು. ಸೋಡಾಪುಡಿ ನೆಕ್ಕುತ್ತಿದ್ದೆ, ತಣ್ಣನೆ ಹಾಲು ಕುಡಿಯುತ್ತಿದ್ದೆ. ಒಂದು ರಾತ್ರಿ ಹಾಜರಿ ಪುಸ್ತಕದ ಮುಂದೆಯೇ ರಕ್ತ ಕಾರಿಕೊಂಡು ಬಿದ್ದೆ. ಬಾಟಲಿಗಟ್ಟಲೆ ರಕ್ತ ಕೊಟ್ಟರೂ ನಿಲ್ಲದಾಗ ಸರಕಾರಿ ಆಸ್ಪತ್ರೆಯ ಸರ್ಜನ್ ಹೊಟ್ಟೆ ತೆರೆದು, ಹುಣ್ಣಿದ್ದ ಕೆಳಭಾಗವನ್ನೆಲ್ಲ ಕತ್ತರಿಸಿ ತೆಗೆದರು. ಬಿಡುಗಡೆಯ ದಿನ ಅವರು ಹೇಳಿದ್ದು ಮೂರು ಮಾತು: ಸ್ವಲ್ಪ ಸ್ವಲ್ಪ ತಿನ್ನು, ಖಾರ ಕಡಿಮೆ ಮಾಡು, ಬೀಡಿ ಬಿಡು. ಮೂರನ್ನೂ ಪಾಲಿಸಿದೆ. ಇಪ್ಪತ್ತು ವರ್ಷದ ಮೇಲೆ ಏನಾಗಬಹುದು ಎಂಬುದನ್ನು ಅವರು ಹೇಳಲಿಲ್ಲ. ಅದಕ್ಕೆ ನನಗೆ ಅವರ ಮೇಲೆ ಸಿಟ್ಟಿಲ್ಲ. ಬೆಳಗಾಗುವವರೆಗೆ ಬದುಕುತ್ತಾನೋ ಇಲ್ಲವೋ ಎಂದಿದ್ದವನಿಗೆ ಇಪ್ಪತ್ತು ವರ್ಷದ ಮಾತು ಯಾರು ಆಡುತ್ತಾರೆ?

ಮಾಡಿದ್ದು ಯಾವ ಆಪರೇಷನ್ ಎಂದು ನನಗೆ ಗೊತ್ತಾಗಿದ್ದೇ ನಲವತ್ತು ವರ್ಷ ಕಳೆದ ಮೇಲೆ. ಅದರ ಹೆಸರು ಬಿಲ್‌ರೋತ್ ಎರಡು. ಥಿಯೋಡೋರ್ ಬಿಲ್‌ರೋತ್ ಎಂಬ ಸರ್ಜನ್ ವಿಯೆನ್ನಾದಲ್ಲಿ 1881ರ ಜನವರಿ 29ರಂದು ತೆರೇಸಾ ಹೆಲ್ಲರ್ ಎಂಬ ಹೆಂಗಸಿನ ಜಠರದ ತುದಿಯ ಕ್ಯಾನ್ಸರ್ ಗಡ್ಡೆಯನ್ನು ಕತ್ತರಿಸಿ ತೆಗೆದು, ಉಳಿದ ಜಠರವನ್ನು ಸಣ್ಣ ಕರುಳಿನ ಮೊದಲ ಭಾಗಕ್ಕೆ ಸೇರಿಸಿ ಹೊಲಿದ. ಆಕೆ ಆಪರೇಷನ್ ದಾಟಿದಳು. ಆದರೆ ಕ್ಯಾನ್ಸರ್ ಹರಡಿತ್ತು, ಕೆಲವೇ ತಿಂಗಳಲ್ಲಿ ಹೋಗಿಬಿಟ್ಟಳು. 1885ರಲ್ಲಿ ಅದೇ ಬಿಲ್‌ರೋತ್ ಇನ್ನೊಂದು ಬಗೆ ಮಾಡಿದ: ಕರುಳಿನ ಆ ಮೊದಲ ತುದಿಯನ್ನು ಹೊಲಿದು ಮುಚ್ಚಿ, ಜಠರದ ತುಂಡನ್ನು ಮುಂದಿನ ಕರುಳಿನ ಸುರುಳಿಗೆ ಪಕ್ಕದಿಂದ ಜೋಡಿಸುವುದು. ಹೊಟ್ಟೆಯ ಕ್ಯಾನ್ಸರ್ ತೆಗೆಯಲೆಂದು ಹುಟ್ಟಿದ ಕತ್ತರಿಯೇ ಮುಂದೆ ಹುಣ್ಣಿಗೆ ಬಂತು. ಹುಣ್ಣಿಗೆ ಅದನ್ನು ಮಾಡಿಸಿಕೊಂಡ ಕೆಲವರಿಗೆ ದಶಕಗಳ ಮೇಲೆ ಕ್ಯಾನ್ಸರ್ ಹುಟ್ಟಿತು. ಈ ವಿಚಿತ್ರವನ್ನು ನಾನು ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ಬಹಳ ಯೋಚಿಸಿದ್ದೇನೆ.

ಜೋಡಣೆ ಹೇಗಿರುತ್ತದೆಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮೂರಿನ ಹೆದ್ದಾರಿಗೆ ಬೈಪಾಸ್ ಮಾಡಿದ ಹಾಗೆ ಎಂದುಕೊಳ್ಳಿ. ಊಟ ಹೋಗುವುದು ಹೊಸ ದಾರಿಯಲ್ಲಿ. ಆದರೆ ಪಿತ್ತ, ಮೇದೋಜೀರಕ ರಸ ಇವೆಲ್ಲ ಬಂದು ಬೀಳುವುದು ಇನ್ನೂ ಹಳೆಯ ದಾರಿಗೇ. ಹಳೆಯ ದಾರಿ ಬಂದು ಹೊಸ ದಾರಿಯನ್ನು ಕೂಡುವುದು ಸರಿಯಾಗಿ ಹೊಲಿಗೆಯ ಜಾಗದಲ್ಲಿ. ಜಠರದ ಬಾಗಿಲಿನಂತಿದ್ದ ಸ್ನಾಯುವನ್ನು ಹುಣ್ಣಿನ ಜೊತೆಗೇ ತೆಗೆದುಬಿಟ್ಟಿರುತ್ತಾರೆ, ಹಾಗಾಗಿ ತಡೆಯಿಲ್ಲ. ಪಿತ್ತ ಕೆಳಗಿಳಿಯುವ ಬದಲು ಮೇಲಕ್ಕೆ ನುಗ್ಗಿ ಉಳಿದ ಜಠರವನ್ನು ತೊಳೆಯುತ್ತಲೇ ಇರುತ್ತದೆ, ಹಗಲೂ ರಾತ್ರಿ, ವರ್ಷಗಟ್ಟಲೆ.

ಆ ಹೊಟ್ಟೆಯೊಂದಿಗೆ ನಾನು ಸಂಸಾರ ಮಾಡಿದೆ. ಗಿರಣಿ ಮುಚ್ಚಿತು, ಸ್ಟೇಷನರಿ ಅಂಗಡಿ ಇಟ್ಟೆ, ಮಕ್ಕಳ ಮದುವೆ ಮಾಡಿದೆ. ಮದುವೆ ಮನೆಗಳಲ್ಲಿ ಹೋಳಿಗೆ ತಿಂದ ಕೂಡಲೇ ಎದೆ ಡವಗುಟ್ಟಿ ಬೆವರು ಕಿತ್ತುಕೊಂಡು ಬರುತ್ತಿತ್ತು. ಯಾವುದಾದರೂ ಕೋಣೆ ಹುಡುಕಿ ಅರ್ಧ ಗಂಟೆ ಉರುಳಿಕೊಳ್ಳುತ್ತಿದ್ದೆ. ಸಿಹಿ ಕರುಳಿಗೆ ಒಮ್ಮೆಲೇ ಸುರಿದಾಗ ಆಗುವ ಅವಸ್ಥೆಗೆ ಡಂಪಿಂಗ್ ಎನ್ನುತ್ತಾರಂತೆ. ನಮ್ಮ ಮನೆಯಲ್ಲಿ ಅದಕ್ಕೆ "ಅಪ್ಪಾಜಿ ಮಲಗೋ ಹೊತ್ತು" ಎಂದು ಹೆಸರಿತ್ತು. ಬೆಳಗ್ಗೆ ಆಗಾಗ ಕಹಿ ಹಸಿರು ನೀರು ವಾಂತಿಯಾಗುತ್ತಿತ್ತು. ರಕ್ತ ಯಾವಾಗಲೂ ಸ್ವಲ್ಪ ಕಡಿಮೆಯೇ. ಜಠರ ಚಿಕ್ಕದಾದವರಿಗೆ ಕಬ್ಬಿಣದ ಅಂಶ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಮೈ ಎಂದೂ ತುಂಬಿಕೊಳ್ಳಲಿಲ್ಲ. ಇವೆಲ್ಲ ನನಗೆ ರೋಗವಾಗಿ ಕಾಣಲೇ ಇಲ್ಲ, ನನ್ನ ಸ್ವಭಾವವಾಗಿ ಕಂಡವು. "ಅವರದು ಆಪರೇಷನ್ ಹೊಟ್ಟೆ" ಎಂದು ನನ್ನ ಹೆಂಡತಿ ಬೀಗರಿಗೆ ಮೊದಲೇ ಹೇಳಿಬಿಡುತ್ತಿದ್ದಳು, ತಟ್ಟೆಗೆ ಹೆಚ್ಚು ಬಡಿಸದಿರಲಿ ಎಂದು.

ಆದ್ದರಿಂದಲೇ ಆ ಕಾಯಿಲೆ ಬಂದಾಗ ಅದು ಬಂದದ್ದೇ ಗೊತ್ತಾಗಲಿಲ್ಲ. ಹೇಳಬೇಕಾದ್ದರಲ್ಲಿ ಮುಖ್ಯವಾದದ್ದು ಇದೇ. ಕ್ಯಾನ್ಸರಿನ ಪ್ರತಿಯೊಂದು ಲಕ್ಷಣಕ್ಕೂ ಹಳೆಯ ಆಪರೇಷನ್ನು ಒಂದು ಉತ್ತರ ಇಟ್ಟುಕೊಂಡೇ ಕೂತಿತ್ತು.

2019ರ ಬೇಸಿಗೆಯಲ್ಲಿ ನಾಲ್ಕು ತುತ್ತಿಗೆ ಹೊಟ್ಟೆ ತುಂಬತೊಡಗಿತು. ಹೊಟ್ಟೆ ಚಿಕ್ಕದು, ವಯಸ್ಸಾಯಿತು, ಇನ್ನಷ್ಟು ಕುಗ್ಗಿರಬೇಕು. ವಾಂತಿ ಹೆಚ್ಚಾಯಿತು. ಪಿತ್ತ, ಮೊದಲಿಂದ ಇದ್ದದ್ದೇ. ಸುಸ್ತು. ರಕ್ತ ಕಡಿಮೆ, ಅದೂ ಇದ್ದದ್ದೇ; ಕಬ್ಬಿಣದ ಮಾತ್ರೆ ಬರೆಸಿಕೊಂಡು ಬಂದೆ. ಮಾತ್ರೆಯಿಂದ ಮಲ ಕಪ್ಪಾಗುತ್ತದೆ ಎಂದು ಡಾಕ್ಟರೇ ಹೇಳಿದ್ದರಿಂದ ಮಲ ಕಪ್ಪಾದದ್ದಕ್ಕೂ ಲೆಕ್ಕ ಸಿಕ್ಕಿತು. ನಾನು ಕಾಯಂ ಹೋಗುತ್ತಿದ್ದ ಕ್ಲಿನಿಕ್ಕಿನಲ್ಲಿ ಪ್ರತಿಸಲವೂ ಗ್ಯಾಸ್ಟ್ರಿಕ್ ಮಾತ್ರೆಯ ಪಟ್ಟಿಯೊಂದನ್ನು ಬರೆದುಕೊಡುತ್ತಿದ್ದರು. ಆ ಮಾತ್ರೆ ಆಮ್ಲ ಕಡಿಮೆ ಮಾಡುವಂಥದ್ದು. ನನ್ನ ಹೊಟ್ಟೆಯಲ್ಲಿ ಆಮ್ಲವೇ ಹೆಚ್ಚೇನೂ ಉಳಿದಿರಲಿಲ್ಲ ಎಂಬುದು ಆಮೇಲೆ ತಿಳಿದ ಸಂಗತಿ. ಕೈಗಡಿಯಾರದ ಪಟ್ಟಿ ಸಡಿಲವಾಗಿ ಮೊಣಕೈವರೆಗೆ ಜಾರುತ್ತಿದ್ದದ್ದನ್ನು ನೋಡಿ ಮಗಳು ಅತ್ತಳು. "ಅತ್ರೆ ದಪ್ಪ ಆಗ್ತಾರೇನೇ?" ಎಂದು ಅವಳ ತಾಯಿ ಗದರಿದಳು. ಗದರಿದವಳೇ ರಾತ್ರಿ ನನ್ನ ಪಕ್ಕದಲ್ಲಿ ನಿದ್ದೆಯಿಲ್ಲದೆ ಹೊರಳಾಡುತ್ತಿದ್ದಳು.

ಬೆಂಗಳೂರಿನ ಮಗನ ಮನೆಗೆ ಹೋಗಿದ್ದಾಗ ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲಿಟ್ಟಿತು. ಹತ್ತಿರದ ಆಸ್ಪತ್ರೆಯಲ್ಲಿ ನೋಡಿದರೆ ಹಿಮೋಗ್ಲೋಬಿನ್ ಏಳಕ್ಕಿಂತ ಕೆಳಗೆ. ರಕ್ತ ಹಾಕಿಸಿ ಕಳಿಸಿಬಿಡುತ್ತಿದ್ದರೇನೋ. ಆದರೆ ಪಾಳಿಯಲ್ಲಿದ್ದ ಒಬ್ಬ ಹುಡುಗಿ ಡಾಕ್ಟರ್ ಹೊಟ್ಟೆ ಒತ್ತಿ ನೋಡಲು ಅಂಗಿ ಎತ್ತಿದವಳು ಗೆರೆಯ ಮೇಲೆ ಬೆರಳಿಟ್ಟು, "ಇದು ಯಾವ ವರ್ಷದ್ದು?" ಎಂದಳು. ಹೇಳಿದೆ. ಮನಸ್ಸಿನಲ್ಲೇ ಲೆಕ್ಕ ಹಾಕಿದಳು. "ಆಮೇಲೆ ಯಾವತ್ತಾದರೂ ಎಂಡೋಸ್ಕೋಪಿ ಮಾಡಿಸಿದ್ದೀರಾ?" ಇಲ್ಲ. ಎಲ್ಲರಿಗೂ ಉತ್ತರವಾಗಿದ್ದ ಆ ಗೆರೆ ಅವಳೊಬ್ಬಳಿಗೆ ಪ್ರಶ್ನೆಯಾಗಿ ಕಂಡಿತು. ಮರುದಿನವೇ ಎಂಡೋಸ್ಕೋಪಿಗೆ ಬರೆದಳು.

ಎಂಡೋಸ್ಕೋಪಿಯ ಬಗ್ಗೆ ಜನ ಹೆದರಿಸುವಷ್ಟು ಏನಿಲ್ಲ. ಗಂಟಲಿಗೆ ಕಹಿ ಸ್ಪ್ರೇ ಹೊಡೆಯುತ್ತಾರೆ, ಎಡಮಗ್ಗುಲಿಗೆ ಮಲಗಿಸಿ ಹಲ್ಲಿನ ನಡುವೆ ಪ್ಲಾಸ್ಟಿಕ್ ಬಳೆ ಇಡುತ್ತಾರೆ, ಕೊಳವೆ ಇಳಿಯುವಾಗ ಓಕರಿಕೆ ಬರುತ್ತದೆ, ಮುಗಿಯುತ್ತದೆ. ಪರದೆಯ ಮೇಲೆ ನನಗೂ ಕಾಣುತ್ತಿತ್ತು: ಕೆಂಪಗೆ ಬಾತ ಗೋಡೆ, ಹಳದಿ ಪಿತ್ತದ ಮಡು, ಅದರಾಚೆ ಎರಡು ಬಾಯಿಗಳು. ಒಂದು ಊಟ ಹೋಗುವ ಕರುಳು, ಇನ್ನೊಂದು ಪಿತ್ತ ಬರುವ ಕರುಳು. ಒಂದು ಬಾಯಿಯ ಅಂಚಿನಲ್ಲಿ, ಜಠರದ ಕಡೆಗೆ, ಹೂಕೋಸಿನ ಚೂರೊಂದು ಅಂಟಿದಂಥ ಉಬ್ಬು. ಸರಿಯಾಗಿ ಹೊಲಿಗೆ ಹಾಕಿದ ಜಾಗ. ಕೊಳವೆ ಹಿಡಿದಿದ್ದ ಡಾಕ್ಟರ್ ಅಲ್ಲಿಯವರೆಗೆ ನರ್ಸ್ ಜೊತೆ ಮಾತಾಡುತ್ತಿದ್ದವರು ಸುಮ್ಮನಾದರು. ಚಿಮಟದಿಂದ ಚೂರು ಚೂರಾಗಿ ಹಲವು ಕಡೆ ಮಾಂಸ ತೆಗೆದರು. ನೋವೇ ಆಗಲಿಲ್ಲ.

ಬಯಾಪ್ಸಿಯಲ್ಲಿ ಅಡಿನೋಕಾರ್ಸಿನೋಮ ಎಂದು ಬಂತು. ಕ್ಯಾನ್ಸರ್ ಆಸ್ಪತ್ರೆಯ ಸರ್ಜನ್ ಮೊದಲು ಕೇಳಿದ್ದು ರಿಪೋರ್ಟನ್ನಲ್ಲ, 1979ರ ಕಾಗದವನ್ನು. ಒಳಗೆ ಏನು ಎಲ್ಲಿಗೆ ಜೋಡಿಸಿದ್ದಾರೆ, ಕರುಳಿನ ಸುರುಳಿಯನ್ನು ದೊಡ್ಡ ಕರುಳಿನ ಮುಂದಿನಿಂದ ತಂದಿದ್ದಾರೋ ಹಿಂದಿನಿಂದಲೋ ಎಂಬುದು ಗೊತ್ತಿದ್ದರೆ ತೆರೆಯುವವರಿಗೆ ದಾರಿ ತಿಳಿಯುತ್ತದೆ. ನನ್ನ ತಮ್ಮ ದಾವಣಗೆರೆಯ ಆಸ್ಪತ್ರೆಗೆ ಹೋಗಿ ಕೇಳಿದ. ಅಷ್ಟು ಹಳೆಯ ದಾಖಲೆ ಯಾರೂ ಇಟ್ಟುಕೊಂಡಿರುವುದಿಲ್ಲ ಎಂದರು. ಅದೂ ನಿಜವೇ. ಕೊನೆಗೆ ನನ್ನ ಹೆಂಡತಿಯೇ ಮದುವೆಯ ಟ್ರಂಕಿನ ತಳದಿಂದ, ಸೀರೆಗೆ ಹಾಸಿದ್ದ ಪತ್ರಿಕೆಯ ಅಡಿಯಿಂದ ಬಿಡುಗಡೆ ಚೀಟಿ ತೆಗೆಸಿ ಕಳಿಸಿದಳು. ಮಸಿ ಮಾಸಿತ್ತು. ಓದಲು ಸಿಕ್ಕಿದ್ದು ಒಂದೇ ಸಾಲು, ಆದರೆ ಆ ಸಾಲಿನಲ್ಲಿ ಬಿಲ್‌ರೋತ್ ಹೆಸರಿತ್ತು. ಸರ್ಜನ್ ಅದನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡರು. "ನಿಮ್ಮಷ್ಟು ಅದೃಷ್ಟ ಎಲ್ಲರಿಗೂ ಇರಲ್ಲ" ಎಂದರು. ಕ್ಯಾನ್ಸರ್ ಬಂದವನಿಗೆ ಅದೃಷ್ಟವಂತ ಎನ್ನುವುದನ್ನು ಕೇಳಿ ನನಗೆ ನಗು ಬಂತು, ಅವರಿಗೂ ಬಂತು.

ಯಾಕೆ ಬಂತು ಎಂದು ಅವರನ್ನೇ ಕೇಳಿದೆ. ಬೀಡಿಯೇ? ಮೆಣಸಿನಕಾಯಿಯೇ? ಅವರು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಜಠರದ ಕೆಳಭಾಗ ಹೋದರೆ ಆಮ್ಲ ಸುರಿಸು ಎಂದು ಹೇಳುವ ರಸವೂ ಹೋಗುತ್ತದೆ. ಆಮ್ಲವಿಲ್ಲದ ಜಠರದಲ್ಲಿ ಸಾಯಬೇಕಾದ ಬ್ಯಾಕ್ಟೀರಿಯಾಗಳು ಸಾಯದೆ ಬೀಡುಬಿಡುತ್ತವೆ. ಊಟದಲ್ಲಿನ ನೈಟ್ರೇಟುಗಳನ್ನು ಅವು ಬೇರೆ ರೂಪಕ್ಕೆ ತಿರುಗಿಸುತ್ತವೆ. ಅದರಿಂದ ಹುಟ್ಟುವ ಕೆಲವು ವಸ್ತುಗಳು ಕ್ಯಾನ್ಸರಿಗೆ ದಾರಿ. ಇನ್ನೊಂದು ಕಡೆ ಪಿತ್ತ ಬಂದು ಸುಡುತ್ತಲೇ ಇರುತ್ತದೆ. ಸುಟ್ಟ ಪದರ ಉದುರಿ ಹೊಸ ಪದರ ಹುಟ್ಟುತ್ತದೆ, ಮತ್ತೆ ಸುಡುತ್ತದೆ, ಮತ್ತೆ ಹುಟ್ಟುತ್ತದೆ. ಹೀಗೆ ಹುಟ್ಟುತ್ತಾ ಹುಟ್ಟುತ್ತಾ ಯಾವುದೋ ಒಂದು ಜೀವಕೋಶ ದಾರಿ ತಪ್ಪುತ್ತದೆ. ಇಂಥ ತುಂಡು ಜಠರದ ಗಡ್ಡೆಗಳಲ್ಲಿ ಎಪ್‌ಸ್ಟೀನ್-ಬಾರ್ ಎಂಬ ವೈರಸ್ ಕೂಡ ಮಾಮೂಲಿ ಜಠರ ಕ್ಯಾನ್ಸರಿಗಿಂತ ಹೆಚ್ಚಾಗಿ ಸಿಗುತ್ತದಂತೆ. ಯಾವುದೂ ಒಂದೆರಡು ವರ್ಷದ ಕೆಲಸವಲ್ಲ. ಹದಿನೈದು-ಇಪ್ಪತ್ತು ವರ್ಷ ದಾಟಿದ ಮೇಲೆ ಅಪಾಯ ಮೆಲ್ಲಗೆ ಏರತೊಡಗುತ್ತದೆ. ಅಮೆರಿಕದ ಬಾಲ್ಫರ್ ಎಂಬ ಸರ್ಜನ್ 1922ರಲ್ಲೇ ಇದನ್ನು ಗುರುತಿಸಿ ಬರೆದಿದ್ದಾನೆ. ಅಂದರೆ ನಾನು ಹುಟ್ಟುವುದಕ್ಕಿಂತ ಮೂವತ್ತು ವರ್ಷ ಮೊದಲು. ಹಾಗೆಂದು ಆಪರೇಷನ್ ಆದ ಎಲ್ಲರಿಗೂ ಬರುವುದಿಲ್ಲ, ಬಹುಪಾಲು ಜನಕ್ಕೆ ಬರುವುದೇ ಇಲ್ಲ. ಜಠರದ ಎಲ್ಲ ಕ್ಯಾನ್ಸರುಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ನಮ್ಮಂಥವರು ನೂರಕ್ಕೆ ಬೆರಳೆಣಿಕೆಯಷ್ಟು.

ನನ್ನನ್ನು ಕೊರೆದದ್ದು ಇನ್ನೊಂದು ವಿಷಯ. ಆಸ್ಟ್ರೇಲಿಯಾದ ಮಾರ್ಷಲ್ ಮತ್ತು ವಾರೆನ್ ಎಂಬಿಬ್ಬರು ಎಂಬತ್ತರ ದಶಕದ ಮೊದಲಲ್ಲಿ ಹುಣ್ಣಿಗೆ ಮುಖ್ಯ ಕಾರಣ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಎಂದು ತೋರಿಸಿದರು. ಯಾರೂ ನಂಬದಾಗ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನೇ ಕುಡಿದು ಹೊಟ್ಟೆ ಕೆಡಿಸಿಕೊಂಡ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆಮ್ಲ ತಗ್ಗಿಸುವ ಸಿಮೆಟಿಡಿನ್ ಮಾತ್ರೆ ಬ್ರಿಟನ್ನಿನಲ್ಲಿ 1976ರಲ್ಲೇ ಬಂದಿತ್ತು. ಅಂದರೆ ಇವತ್ತು ಎರಡು ವಾರದ ಮಾತ್ರೆಯಲ್ಲಿ ವಾಸಿಯಾಗಬಹುದಾದ ಹುಣ್ಣಿಗೆ ನಾನು ಜಠರ ಕೊಟ್ಟೆ. ಕೆಲವೇ ವರ್ಷ ತಡವಾಗಿ ಹುಟ್ಟಿದ್ದರೆ! ಇದನ್ನು ಸರ್ಜನ್ನರಿಗೆ ಹೇಳಿದಾಗ ಅವರು ಒಪ್ಪಿದರು. "ಆದರೆ ಆವತ್ತು ಆ ರಕ್ತ ನಿಲ್ಲಿಸದಿದ್ದರೆ ಇವತ್ತು ಈ ಮಾತಾಡೋಕೆ ನೀವು ಇರ್ತಿರಲಿಲ್ಲ" ಎಂದೂ ಸೇರಿಸಿದರು.

ವಾರ್ಡಿನಲ್ಲಿ ನನ್ನ ಹಾಗೆಯೇ ಹಳೆಯ ಹೊಟ್ಟೆಯವರು ಇನ್ನಿಬ್ಬರು ಸಿಕ್ಕರು, ಮೂವರದೂ ಬೇರೆ ಬೇರೆ ಕಥೆ. ಕೊಪ್ಪಳದ ಕಡೆಯ ಒಬ್ಬ ರೈತನಿಗೆ ಜಠರ ಕತ್ತರಿಸಿರಲಿಲ್ಲ. ಆಮ್ಲ ಸುರಿಸುವ ನರವನ್ನಷ್ಟೇ ಕಡಿದು, ಜಠರಕ್ಕೆ ಪಕ್ಕದಲ್ಲೊಂದು ಬಾಯಿ ತೆರೆದು ಕರುಳಿಗೆ ಜೋಡಿಸಿದ್ದರು. ಜಿ.ಜೆ. ಎನ್ನುತ್ತಾರೆ. ನಮ್ಮ ಕಡೆ ಹೆಚ್ಚು ಜನಕ್ಕೆ ಆಗಿರುವುದು ಅದೇ. ಜಠರ ಪೂರ್ತಿ ಇರುವುದರಿಂದ ಅದನ್ನು ತುಂಡು ಜಠರದ ಕ್ಯಾನ್ಸರ್ ಎನ್ನಲು ಬರುವುದಿಲ್ಲವಾದರೂ ಪಿತ್ತ ನುಗ್ಗುವ ಕಥೆ ಒಂದೇ. ಅವನ ಗಡ್ಡೆಯ ಚೂರಿನಲ್ಲಿ ಕಂಡದ್ದು ಸಿಗ್ನೆಟ್ ರಿಂಗ್ ಎಂಬ ಜಾತಿಯ ಜೀವಕೋಶಗಳು. ಜಠರದ ಕ್ಯಾನ್ಸರನ್ನು ಸೂಕ್ಷ್ಮದರ್ಶಕದಡಿ ಎರಡು ಪಂಗಡ ಮಾಡುವುದು ಲಾರೆನ್ ಎಂಬ ಫಿನ್‌ಲೆಂಡಿನ ವೈದ್ಯ 1965ರಲ್ಲಿ ಹಾಕಿಕೊಟ್ಟ ಕ್ರಮ. ಒಂದು, ಗ್ರಂಥಿಯ ಆಕಾರ ಕಟ್ಟಿಕೊಂಡು ಒಂದೆಡೆ ಗಡ್ಡೆಯಾಗಿ ಬೆಳೆಯುವುದು, ನನ್ನದು ಅದು. ಇನ್ನೊಂದು, ಗಡ್ಡೆಯೇ ಕಟ್ಟದೆ ಜಠರದ ಗೋಡೆಯೊಳಗೆ ಬಿಡಿಬಿಡಿಯಾಗಿ ಹಬ್ಬುವುದು, ಅವನದು ಅದು. ಎಂಡೋಸ್ಕೋಪಿಯಲ್ಲಿ ಕಾಣುವುದಕ್ಕಿಂತ ಅದು ದೂರ ಹಬ್ಬಿರುತ್ತದೆ. ದುರ್ಬೀನು ಹಾಕಿ ಹೊಟ್ಟೆಯೊಳಗೆ ನೋಡಿದಾಗ ಪೊರೆಯ ಮೇಲೆಲ್ಲ ಅಕ್ಕಿಕಾಳಿನಷ್ಟು ಚುಕ್ಕೆಗಳಿದ್ದವಂತೆ. ಅವನಿಗೆ ಆಪರೇಷನ್ ಆಗಲಿಲ್ಲ.

ಇನ್ನೊಬ್ಬರು ಹಾಸನ ಸೀಮೆಯ ಒಬ್ಬ ಟೀಚರಮ್ಮ, ನನಗಿಂತ ಬಹಳ ಚಿಕ್ಕವರು. ಅವರ ಮೊದಲ ಆಪರೇಷನ್ನೇ ಕ್ಯಾನ್ಸರಿಗೆ ಆದದ್ದು. ಆರು ವರ್ಷಕ್ಕೆ ಉಳಿದ ತುಂಡಿನಲ್ಲಿ ಮತ್ತೆ. "ಇದು ಹಳೇದೇ ವಾಪಸ್ ಬಂದಿದ್ದಾ, ಹೊಸದಾ?" ಎಂಬುದು ಅವರ ಒಂದೇ ಪ್ರಶ್ನೆ, ಸಿಕ್ಕ ಡಾಕ್ಟರನ್ನೆಲ್ಲ ಕೇಳುತ್ತಿದ್ದರು. ಹೊಸದೇ ಎಂದು ಕೊನೆಗೆ ತೀರ್ಮಾನವಾಯಿತು, ಅದು ಹಳೆಯ ಹೊಲಿಗೆಯಿಂದ ದೂರದಲ್ಲಿತ್ತು. ಹುಣ್ಣಿಗೆ ಕೊಯ್ಸಿಕೊಂಡವರಲ್ಲಿ ಕ್ಯಾನ್ಸರ್ ದಶಕಗಟ್ಟಲೆ ಕಾಯುತ್ತದೆ, ಹೊಲಿಗೆಯ ಆಸುಪಾಸಿನಲ್ಲಿ ಹೆಚ್ಚು. ಕ್ಯಾನ್ಸರಿಗೆ ಕೊಯ್ಸಿಕೊಂಡವರಲ್ಲಿ ಅಷ್ಟು ಕಾಯುವುದಿಲ್ಲ. ಒಮ್ಮೆ ಕ್ಯಾನ್ಸರ್ ಬೆಳೆಸಿದ ಜಠರದ ಉಳಿದ ಭಾಗವೂ ಮೊದಲೇ ಹದಗೆಟ್ಟಿರುತ್ತದೆ. ಜಪಾನಿನವರು ಇವನ್ನೆಲ್ಲ ಉಳಿದ ಜಠರದ ಕ್ಯಾನ್ಸರ್ ಎಂಬ ಒಂದೇ ಹೆಸರಿನಡಿ ತರುತ್ತಾರೆ. ಹಳೆಯ ಪುಸ್ತಕಗಳು ಮಾತ್ರ ಮೊದಲ ರೋಗ ಕ್ಯಾನ್ಸರ್ ಆಗಿರಬಾರದು, ನಡುವೆ ಐದು ವರ್ಷವಾದರೂ ಕಳೆದಿರಬೇಕು ಎಂದು ಷರತ್ತು ಹಾಕುತ್ತವೆ. ಟೀಚರಮ್ಮನಿಗೆ ಹೊಸದು ಎಂದು ತಿಳಿದ ದಿನ ಸಮಾಧಾನವಾಗಿತ್ತು. ಹೊಸದಾದರೆ ಸಮಾಧಾನ ಯಾಕೆಂದು ನನಗೆ ಆಗ ಅರ್ಥವಾಗಲಿಲ್ಲ. ಮೊದಲ ಸಲ ಪಟ್ಟ ಕಷ್ಟ ವ್ಯರ್ಥವಾಗಲಿಲ್ಲವಲ್ಲ ಎಂದು ಆಮೇಲೆ ಅವರೇ ಹೇಳಿದರು.

ನನಗೆ ಆಪರೇಷನ್ನಿಗೆ ಮೊದಲು ನಾಲ್ಕು ಸುತ್ತು ಕೀಮೋ, ಆಮೇಲೆ ನಾಲ್ಕು ಎಂದು ಗೊತ್ತುಮಾಡಿದರು. ಎರಡು ವಾರಕ್ಕೊಮ್ಮೆ, ನಾಲ್ಕು ಔಷಧಿಗಳ ಕಟ್ಟು; ಕೊನೆಯದು ಒಂದು ಹಗಲು ಒಂದು ರಾತ್ರಿ ಹನಿಯುತ್ತಲೇ ಇರುತ್ತದೆ. ಕೂದಲು ಹೋಯಿತು, ಅದು ಮೊದಲೇ ಹೆಚ್ಚಿರಲಿಲ್ಲ. ಕಷ್ಟವಾದದ್ದು ತಣ್ಣಗಿನದು. ಆಕ್ಸಾಲಿಪ್ಲಾಟಿನ್ ಎಂಬ ಔಷಧಿ ನರಗಳ ಮೇಲೆ ಹಾಗೆ ಕೂರುತ್ತದೆ: ನಲ್ಲಿ ನೀರಿಗೆ ಕೈಯೊಡ್ಡಿದರೆ ಸೂಜಿ ಚುಚ್ಚಿದಂತೆ, ಸ್ಟೀಲಿನ ಲೋಟ ಮುಟ್ಟಿದರೆ ಕರೆಂಟು ಹೊಡೆದಂತೆ. ಡಿಸೆಂಬರಿನ ಬೆಂಗಳೂರಿನಲ್ಲಿ ಕೈಗೆ ಉಣ್ಣೆಯ ಕಾಲುಚೀಲ ಹಾಕಿಕೊಂಡು ಕೂತಿರುತ್ತಿದ್ದೆ. ಮೊಮ್ಮಗಳು ಅದಕ್ಕೆ ಕಣ್ಣು-ಮೂಗು ಬರೆದು ಬೊಂಬೆ ಮಾಡಿದಳು. ಖರ್ಚಿನ ಬಹುಭಾಗ ಸರಕಾರದ ಕಾರ್ಡಿನಲ್ಲಿ ಹೋಯಿತು. ಉಳಿದದ್ದಕ್ಕೆ ಅಂಗಡಿ ಮಾರಿದೆ. ಅದರ ಕಥೆ ಇಲ್ಲಿ ಬೇಡ.

2020ರ ಫೆಬ್ರವರಿಯಲ್ಲಿ ಆಪರೇಷನ್. ಮೊದಲ ಸಲ ತೆರೆಯುವ ಹೊಟ್ಟೆಗೂ ಎರಡನೇ ಸಲ ತೆರೆಯುವ ಹೊಟ್ಟೆಗೂ ಬಹಳ ವ್ಯತ್ಯಾಸವಂತೆ. ಒಳಗೆ ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಪಿತ್ತಜನಕಾಂಗ ಜಠರಕ್ಕೆ, ಕರುಳು ಹಳೆಯ ಗಾಯದ ಗೋಡೆಗೆ. ಅವನ್ನು ಬಿಡಿಸುವುದರಲ್ಲೇ ಅರ್ಧ ಹೊತ್ತು ಹೋಗುತ್ತದೆ. ಉಳಿದಿದ್ದ ಜಠರ, ಅದಕ್ಕೆ ಹೊಲಿದಿದ್ದ ಕರುಳಿನ ಸುರುಳಿ, ಆ ಸುರುಳಿಯ ಬುಡದ ಹಾಲುರಸದ ಗಂಟುಗಳು ಎಲ್ಲ ತೆಗೆದರು. ಬರಿಯ ಜಠರ ಕ್ಯಾನ್ಸರಿನಲ್ಲಿ ಆ ಗಂಟುಗಳವರೆಗೆ ಹೋಗುವ ಅಗತ್ಯವಿರುವುದಿಲ್ಲ. ಹೊಲಿಗೆ ಹಾಕಿದ ಮೇಲೆ ಜಠರಕ್ಕೂ ಕರುಳಿಗೂ ಹೊಸ ದಾರಿಗಳು ಹುಟ್ಟಿ ರೋಗವೂ ಅದೇ ದಾರಿ ಹಿಡಿಯುತ್ತದೆ. ನನ್ನವುಗಳಲ್ಲಿ ಎರಡು ಗಂಟುಗಳಿಗೆ ತಲುಪಿತ್ತು. ಅನ್ನನಾಳವನ್ನು ನೇರವಾಗಿ ಕರುಳಿಗೆ ಜೋಡಿಸಿ, ಪಿತ್ತ ಬರುವ ಕರುಳನ್ನು ಬಹಳ ಕೆಳಗೆ ಕೊಂಡೊಯ್ದು ಸೇರಿಸಿದರು, ಇನ್ನು ಅದು ಮೇಲೆ ಬರದಂತೆ.

ಎಚ್ಚರವಾದಾಗ ಮೂಗಿನಲ್ಲೊಂದು, ಪಕ್ಕೆಯಲ್ಲೊಂದು, ಹೊಟ್ಟೆಯಲ್ಲೊಂದು ಕೊಳವೆ. ಹೊಟ್ಟೆಯದು ಕರುಳಿಗೆ ನೇರ ಆಹಾರ ಬಿಡಲು. ನೋವಿಗಿಂತ ಹೆಚ್ಚು ಕಾಡಿದ್ದು ಬಾಯಾರಿಕೆ. ಹೊಸ ಹೊಲಿಗೆ ಸೋರುತ್ತಿಲ್ಲವೆಂದು ಖಾತ್ರಿಯಾಗುವವರೆಗೆ ಒಂದು ಗುಟುಕು ನೀರೂ ಇಲ್ಲ. ಹತ್ತಿಯಲ್ಲಿ ತುಟಿ ಒದ್ದೆ ಮಾಡುತ್ತಿದ್ದರು. ಪಕ್ಕದ ಹಾಸಿಗೆಯವನ ಹೆಂಡತಿ ಬಾಟಲಿಯಿಂದ ಲೋಟಕ್ಕೆ ನೀರು ಬಗ್ಗಿಸುವ ಸದ್ದಿಗೆ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು. ಗಿರಣಿಯ ಚಳವಳಿಯಲ್ಲಿ ಉಪವಾಸ ಕೂತವನು ನಾನು, ಹಸಿವು ಗೊತ್ತು, ಬಾಯಾರಿಕೆ ಬೇರೆಯೇ. ಕೊನೆಗೆ ಬಣ್ಣದ ದ್ರವ ಕುಡಿಸಿ ಎಕ್ಸ್‌ರೇ ತೆಗೆದು, ಸೋರಿಕೆಯಿಲ್ಲ ಎಂದು ಚಮಚದಲ್ಲಿ ನೀರು ಕೊಟ್ಟರು. ಆ ನೀರು ಎದೆಯಿಂದ ನೇರವಾಗಿ ಎಲ್ಲೂ ನಿಲ್ಲದೆ ಇಳಿದುಹೋಯಿತು. ನಿಲ್ಲಲು ಜಾಗವಿದ್ದರೆ ತಾನೇ.

ಮನೆಗೆ ಬಂದ ಕೆಲವೇ ವಾರಕ್ಕೆ, ಮಾರ್ಚ್ 25ರಿಂದ ದೇಶವೇ ಮುಚ್ಚಿತು. ಉಳಿದ ನಾಲ್ಕು ಕೀಮೋಗೆ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್ ಹೋಗಬೇಕು, ಬಸ್ಸಿಲ್ಲ, ರೈಲಿಲ್ಲ. ಮೊದಲ ಸಲ ಪೊಲೀಸ್ ಪಾಸ್ ಮಾಡಿಸಿ ತಮ್ಮನ ಟೊಮೆಟೊ ಸಾಗಿಸುವ ಗಾಡಿಯಲ್ಲಿ ಹೋದೆ. ಹೆದ್ದಾರಿಯಲ್ಲಿ ನಾಯಿಗಳು ಮಲಗಿದ್ದವು. ತುಮಕೂರಿನ ಹತ್ತಿರ ತಡೆದ ಪೇದೆಗೆ ಅಂಗಿ ಎತ್ತಿ ಹೊಟ್ಟೆ ತೋರಿಸಿದೆ. ಕಾಗದ ನೋಡದೆ ಬಿಟ್ಟ. ಆಮೇಲೆ ಬೆಂಗಳೂರಿನವರೇ ದಾವಣಗೆರೆಯ ಒಬ್ಬ ಡಾಕ್ಟರಿಗೆ ಎಲ್ಲ ಬರೆದು ಕಳಿಸಿ, ಉಳಿದವು ಇಲ್ಲೇ ಆದವು. ಮಾಸ್ಕ್ ಹಾಕಿಕೊಂಡು ವಾಂತಿ ಮಾಡುವುದು ಎಷ್ಟು ಕಷ್ಟ ಎಂಬುದು ಆ ವರ್ಷ ಕೀಮೋ ತೆಗೆದುಕೊಂಡವರಿಗೆ ಮಾತ್ರ ಗೊತ್ತು. ಟೀಚರಮ್ಮನ ಫೋನು ಮೇ ತಿಂಗಳಿಂದ ಬರಲಿಲ್ಲ. ನಾನು ಮಾಡಿದಾಗ ಅವರ ಮಗ ಎತ್ತಿದ.

ಈಗ ಐದು ವರ್ಷ ಕಳೆದಿದೆ. ಜಠರವೇ ಇಲ್ಲದೆ ಹೇಗೆ ಉಣ್ಣುತ್ತೀರಿ ಎಂದು ಜನ ಕೇಳುತ್ತಾರೆ. ಎರಡು ಗಂಟೆಗೊಮ್ಮೆ, ಒಂದು ಬಟ್ಟಲು. ಊಟದ ಜೊತೆ ನೀರು ಕುಡಿಯುವಂತಿಲ್ಲ, ಮುಂಚೆ ಅಥವಾ ಆಮೇಲೆ. ಗಟ್ಟಿ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ, ಬಾಯಲ್ಲೇ ಅರೆದು ನುಂಗುತ್ತೇನೆ. ಜಠರ ಮಾಡಬೇಕಿದ್ದ ಕೆಲಸ ಹಲ್ಲಿಗೆ ಬಂದಿದೆ, ಆ ಹಲ್ಲೂ ಕಟ್ಟಿಸಿದ್ದು. ಬೆಣ್ಣೆ ದೋಸೆಯಲ್ಲಿ ಅಂಚಿನ ಒಂದು ತುಂಡು. ಮಲಗುವಾಗ ದಿಂಬು ಎತ್ತರ ಬೇಕು. ತಿಂಗಳಿಗೊಮ್ಮೆ ಬಿ12 ಚುಚ್ಚುಮದ್ದು, ಬದುಕಿರುವಷ್ಟು ದಿನ. ಆ ವಿಟಮಿನ್ನನ್ನು ಹೀರಲು ಬೇಕಾದ ರಸ ಜಠರದಲ್ಲೇ ಹುಟ್ಟುವಂಥದ್ದು. ತೂಕ ಐವತ್ತರ ಹತ್ತಿರ ನಿಂತಿದೆ. ಹೋದ ಸಲದ ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ.

ಸಮಯ ಇರುವುದರಿಂದ ಒಂದು ಕೆಲಸ ಹಚ್ಚಿಕೊಂಡಿದ್ದೇನೆ. ನಮ್ಮ ಗಿರಣಿಯಲ್ಲಿ ಯಾರ್ಯಾರು ಹೊಟ್ಟೆ ಕೊಯ್ಸಿಕೊಂಡಿದ್ದರೆಂದು ಟೈಮ್ ಕೀಪರ್ ಆಗಿದ್ದ ನನಗೆ ನೆನಪಿದೆ. ರಜೆ ಬರೆದುಕೊಂಡವನೇ ನಾನಲ್ಲವೇ. ಬದುಕಿರುವವರ ಮನೆ ಹುಡುಕಿಕೊಂಡು ಹೋಗಿ, ಒಮ್ಮೆ ಎಂಡೋಸ್ಕೋಪಿ ಮಾಡಿಸಿಕೊಳ್ಳಿ ಎನ್ನುತ್ತೇನೆ. ಇದರಲ್ಲಿ ಡಾಕ್ಟರುಗಳೇ ಒಂದು ಮಾತಿನವರಲ್ಲ. ಆಪರೇಷನ್ ಆಗಿ ಹದಿನೈದು-ಇಪ್ಪತ್ತು ವರ್ಷ ದಾಟಿದ ಮೇಲೆ ನೋಡಿಸುವುದು ಒಳ್ಳೆಯದು ಎನ್ನುವವರಿದ್ದಾರೆ, ತೊಂದರೆಯಿಲ್ಲದವರಿಗೆಲ್ಲ ಮಾಡುವುದರಲ್ಲಿ ಲಾಭ ಕಡಿಮೆ ಎನ್ನುವವರೂ ಇದ್ದಾರೆ. ನಾನು ಡಾಕ್ಟರಲ್ಲ. ತೂಕ ಇಳಿಯುತ್ತಿದ್ದರೆ, ರಕ್ತ ಕಡಿಮೆಯಾಗುತ್ತಿದ್ದರೆ, ನಾಲ್ಕು ತುತ್ತಿಗೆ ಸಾಕೆನಿಸಿದರೆ "ಅದು ಹಳೇ ಆಪರೇಷನ್ನಿಂದು" ಎಂಬ ಉತ್ತರಕ್ಕೆ ಸುಮ್ಮನಾಗಬೇಡಿ ಎಂದಷ್ಟೇ ಹೇಳುತ್ತೇನೆ. ಒಬ್ಬ ನನ್ನನ್ನು ಅಪಶಕುನದವನೆಂದು ಬೈದು ಕಳಿಸಿದ. ಇಬ್ಬರು ಮಾಡಿಸಿಕೊಂಡರು, ಪಿತ್ತದ ಬಾವು ಬಿಟ್ಟರೆ ಏನೂ ಇರಲಿಲ್ಲ. ದುಡ್ಡು ಹಾಳು ಮಾಡಿಸಿದೆ ಎಂದು ಚಾ ಕುಡಿಸಿದರು.

ನೂಲು ಖಾತೆಯಲ್ಲಿದ್ದ ಇನ್ನೊಬ್ಬನದು 1984ರ ಜಿ.ಜೆ. ನಲವತ್ತು ವರ್ಷ ತೆಪ್ಪಗಿದ್ದದ್ದನ್ನು ಯಾಕೆ ಕೆಣಕೋದು ಎಂದು ತಿಂಗಳುಗಟ್ಟಲೆ ಸತಾಯಿಸಿದ. ಈ ನಡುವೆ ಅವನ ಪಂಚೆ ಸೊಂಟದಲ್ಲಿ ನಿಲ್ಲದಾದದ್ದನ್ನು ಅವನ ಸೊಸೆ ನೋಡಿ, ತಾನೇ ಹೋಗಿ ಹೆಸರು ಬರೆಸಿ ಬಂದಿದ್ದಾಳೆ. ಬರುವ ಸೋಮವಾರ ಬೆಳಗ್ಗೆ. ಹಿಂದಿನ ರಾತ್ರಿಯಿಂದ ಏನೂ ತಿನ್ನಬಾರದು, ನೀರೂ ಬೇಡ ಎಂದು ನೆನ್ನೆ ಹೇಳಿಬಂದೆ. ಬೀಡಿನೂ ಬ್ಯಾಡೇನು ಎಂದು ಕೇಳಿದ. ಬ್ಯಾಡ ಅಂದೆ.